ಜಿಮೇಲ್ ಪಾಸ್‌ವರ್ಡ್ ಮರೆತಿದೆ, ಹಳೇ ಫೋನ್ ಕೆಟ್ಟಿದೆ. ಯಾವುದು ಮೊದಲು, ಯಾವುದು ಆಮೇಲೆ?

ಹೇಮಾವತಿ_ದಂಡೆ, ಸಕಲೇಶಪುರ

ಅಪ್ಪನ ಜಿಮೇಲ್ ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಹಳೇ ಆಂಡ್ರಾಯ್ಡ್ ಫೋನ್ ಆನ್ ಆಗುತ್ತೆ, ಡಿಸ್‌ಪ್ಲೇ ಸರಿಯಿಲ್ಲ. ಸಿಮ್ ತೆಗೆದು ಹೊಸ ಫೋನಿಗೆ ಹಾಕಿದೆ, ನಂಬರ್ ನಡೀತಿದೆ. ಮನೆ ಲ್ಯಾಪ್‌ಟಾಪ್‌ನಲ್ಲೂ ಇದೇ ಖಾತೆ ಬಳಸುತ್ತಿದ್ದರು. ಇನ್‌ಕಮ್ ಟ್ಯಾಕ್ಸ್, ಇನ್ಶೂರೆನ್ಸ್, ಕಾಫಿ ಕ್ಯೂರಿಂಗ್ ವರ್ಕ್ಸ್ ಲೆಕ್ಕ ಎಲ್ಲಾ ಬರೋದು ಈ ಮೇಲ್‌ಗೇ. ಪೇಟೆಯ ಸೈಬರ್ ಸೆಂಟರ್‌ನಲ್ಲಿ ಪ್ರಯತ್ನಿಸಿದರೆ ‘ಖಾತೆ ನಿಮ್ಮದೇ ಎಂದು ಖಚಿತಪಡಿಸಲು ಆಗಲಿಲ್ಲ’ ಅಂತ ಬರುತ್ತಿದೆ. ಹೊಸ ಫೋನ್, ಹಳೇ ಫೋನ್, ಲ್ಯಾಪ್‌ಟಾಪ್, ಇವುಗಳಲ್ಲಿ ಯಾವುದರಿಂದ ಶುರು ಮಾಡಬೇಕು? ಗೊತ್ತಿರೋರು ಹೇಳಿ.

ರಿಪೇರಿ_ಮೇಜು, ಹಾಸನ

ಹಳೇ ಫೋನನ್ನು ಯಾರಿಗೂ ಕೊಟ್ಟು ರೀಸೆಟ್ ಮಾಡಿಸಬೇಡಿ, ಫ್ಲ್ಯಾಶ್ (ಸಾಫ್ಟ್‌ವೇರ್ ಹೊಸದಾಗಿ ಹಾಕೋದು) ಮಾಡಿಸಬೇಡಿ. ಖಾತೆ ಅಪ್ಪನದೇ ಅನ್ನೋದಕ್ಕೆ ನಿಮ್ಮ ಕೈಯಲ್ಲಿರುವ ಅತಿ ದೊಡ್ಡ ಸಾಕ್ಷಿ ಆ ಫೋನ್. ಅದರೊಳಗೆ ಜಿಮೇಲ್ ಇನ್ನೂ ಲಾಗಿನ್ ಆಗಿಯೇ ಇರುತ್ತೆ. ಡಿಸ್‌ಪ್ಲೇ ಕಾಂಬೊ, ಅಂದರೆ ಪರದೆ ಮತ್ತು ಟಚ್ ಸೇರಿದ ಭಾಗ, ಬದಲಾಯಿಸಿದರೆ ಒಳಗಿನ ಡೇಟಾಗೆ ಏನೂ ಆಗೋದಿಲ್ಲ. ಫೋನ್ ಹಳೆಯದು, ದುಡ್ಡು ದಂಡ ಅನ್ನಿಸಿದರೂ ಈ ಒಂದು ಕೆಲಸಕ್ಕಾಗಿ ಹಾಕಿಸಬಹುದು. ಚಿತ್ರ ಕಾಣಿಸುತ್ತಿದ್ದು ಟಚ್ ಮಾತ್ರ ಹೋಗಿದ್ದರೆ ಕಾಂಬೊ ಕೂಡ ಬೇಡ. ಓಟಿಜಿ ಕನೆಕ್ಟರ್ (ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ಚಿಕ್ಕ ತುಂಡು) ಹಾಕಿ ಕಂಪ್ಯೂಟರ್ ಮೌಸ್ ಸಿಕ್ಕಿಸಿ, ಪರದೆ ಮೇಲೆ ಬಾಣದ ಗುರುತು ಬರುತ್ತೆ, ಅದರಲ್ಲೇ ಲಾಕ್ ತೆಗೆಯಬಹುದು. ಕೆಲವು ಕಂಪನಿ ಫೋನ್‌ಗಳಲ್ಲಿ ಓಟಿಜಿಯನ್ನು ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಆನ್ ಮಾಡಿರಬೇಕು, ಅಂಥದ್ದರಲ್ಲಿ ಮೌಸ್ ನಡೆಯೋದಿಲ್ಲ.

ಫೋನ್ ತೆರೆದ ಮೇಲೆ ಸೆಟ್ಟಿಂಗ್ಸ್, ಅದರಲ್ಲಿ ಗೂಗಲ್, ಅಲ್ಲಿ ಖಾತೆ ನಿರ್ವಹಣೆ, ಆಮೇಲೆ ಸೆಕ್ಯುರಿಟಿ, ಕೊನೆಗೆ ಪಾಸ್‌ವರ್ಡ್. ಹಳೇ ಪಾಸ್‌ವರ್ಡ್ ಕೇಳಿದಾಗ ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿ. ಬಹಳಷ್ಟು ಸಲ ಆ ಫೋನಿನ ಸ್ಕ್ರೀನ್ ಲಾಕ್, ಅಂದರೆ ಬೆರಳಚ್ಚು ಅಥವಾ ಪಿನ್ ಕೊಟ್ಟರೆ ಹೊಸ ಪಾಸ್‌ವರ್ಡ್ ಇಡಲು ಬಿಡುತ್ತೆ. ಇಲ್ಲವಾದರೆ ಸಿಮ್‌ಗೆ ಕೋಡ್ ಕಳಿಸುತ್ತೆ.

ಕಾಂಬೊ ಸಿಗೋದು ತಡ ಆದರೆ ಅಲ್ಲಿವರೆಗೆ ಲ್ಯಾಪ್‌ಟಾಪ್ ನೋಡಿ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಸೆಟ್ಟಿಂಗ್ಸ್‌ನಲ್ಲಿ ಪಾಸ್‌ವರ್ಡ್ ಪಟ್ಟಿ ಇರುತ್ತೆ. ಹುಡುಕುವ ಜಾಗದಲ್ಲಿ ‘ಗೂಗಲ್’ ಅಂತ ಇಂಗ್ಲಿಷ್‌ನಲ್ಲಿ ಹಾಕಿ, ಕಣ್ಣಿನ ಗುರುತು ಒತ್ತಿ, ವಿಂಡೋಸ್ ಪಿನ್ ಕೊಟ್ಟರೆ ಸೇವ್ ಆಗಿದ್ದದ್ದು ಕಾಣುತ್ತೆ. ಮೂರು ಬ್ರೌಸರ್ ಇದ್ದರೆ ಮೂರನ್ನೂ ನೋಡಿ. ಜನ ಒಂದರಲ್ಲಿ ಇಲ್ಲ ಅಂತ ಬಿಟ್ಟುಬಿಡುತ್ತಾರೆ, ಇನ್ನೊಂದರಲ್ಲಿ ಇರುತ್ತೆ. ಐಫೋನ್ ಇರೋರಿಗೆ: ಐಓಎಸ್ 18ರಿಂದ ‘ಪಾಸ್‌ವರ್ಡ್ಸ್’ ಅನ್ನೋ ಬೇರೆ ಆ್ಯಪ್ಪೇ ಇದೆ, ಅದಕ್ಕಿಂತ ಹಿಂದಿನದರಲ್ಲಿ ಸೆಟ್ಟಿಂಗ್ಸ್ ಒಳಗಿದೆ.

ಗಣಕ_ಮೇಷ್ಟ್ರು, ಅರಸೀಕೆರೆ

ಸೈಬರ್ ಸೆಂಟರ್‌ನಲ್ಲಿ ಯಾಕೆ ಆಗಲಿಲ್ಲ ಅನ್ನೋದು ತಿಳಿದರೆ ಮುಂದಿನ ಪ್ರಯತ್ನ ಹಾಳಾಗೋದಿಲ್ಲ. ಪಾಸ್‌ವರ್ಡ್ ಗೊತ್ತಿಲ್ಲದವರು ಬಂದಾಗ ಗೂಗಲ್ ಬೇರೆ ಗುರುತುಗಳನ್ನು ಸೇರಿಸಿ ತೂಗುತ್ತೆ. ಈ ಸಾಧನದಿಂದ ಹಿಂದೆ ಲಾಗಿನ್ ಆಗಿತ್ತಾ, ಇದೇ ಬ್ರೌಸರಾ, ಸಾಮಾನ್ಯವಾಗಿ ಬಳಸುವ ಜಾಗವಾ, ರಿಕವರಿಗೆ, ಅಂದರೆ ಖಾತೆ ವಾಪಸ್ ಪಡೆಯಲು, ಮೊದಲೇ ಕೊಟ್ಟಿಟ್ಟ ಫೋನ್ ಮತ್ತು ಇಮೇಲ್‌ಗೆ ಕಳಿಸಿದ ಕೋಡ್ ಸರಿ ಬಂತಾ, ನೆನಪಿರುವ ಹಳೇ ಪಾಸ್‌ವರ್ಡ್ ಹೊಂದುತ್ತಾ. ಸೈಬರ್ ಸೆಂಟರ್‌ನಲ್ಲಿ ಸಾಧನವೂ ಹೊಸದು, ಬ್ರೌಸರೂ ಹೊಸದು, ಇಂಟರ್‌ನೆಟ್ ಲೈನೂ ಹೊಸದು. ಹೊರಗಿನ ಕಳ್ಳ ಪ್ರಯತ್ನಿಸಿದರೂ ಹಾಗೇ ಕಾಣೋದು.

ಹಾಗಾಗಿ ಮನೆ ಲ್ಯಾಪ್‌ಟಾಪ್, ಅದೇ ಬ್ರೌಸರ್, ಮನೆ ವೈಫೈ. ಇನ್‌ಕಾಗ್ನಿಟೊ ಬೇಡ, ವಿಪಿಎನ್ ಇದ್ದರೆ ಆಫ್ ಮಾಡಿ. ವಿಳಾಸದ ಪಟ್ಟಿಯಲ್ಲಿ ನೀವೇ ಟೈಪ್ ಮಾಡಿ: ಜಿ ಡಾಟ್ ಸಿಓ ಸ್ಲ್ಯಾಶ್ ರಿಕವರ್ (g.co/recover). ಗೂಗಲ್‌ನದೇ ಚುಟುಕು ವಿಳಾಸ ಅದು. ‘ನೆನಪಿರುವ ಕೊನೆಯ ಪಾಸ್‌ವರ್ಡ್’ ಕೇಳಿದಾಗ ಖಾಲಿ ಬಿಡಬೇಡಿ. ಎರಡು ವರ್ಷ ಹಿಂದಿನದಾದರೂ ಸರಿ, ಆಗ ನಿಜವಾಗಿ ಬಳಸಿದ್ದನ್ನೇ ಹಾಕಿ. ಸುಮ್ಮನೆ ಊಹೆ ಮಾಡಿ ಹಾಕಿದ್ದಕ್ಕಿಂತ ನಿಜವಾದ ಹಳೇ ಪಾಸ್‌ವರ್ಡ್‌ಗೆ ತೂಕ ಜಾಸ್ತಿ. ಒಂದು ದಾರಿಯಲ್ಲಿ ಆಗದಿದ್ದರೆ ‘ಟ್ರೈ ಅನದರ್ ವೇ’ ಒತ್ತಿ, ಮುಂದಿನ ಪ್ರಶ್ನೆ ಬರುತ್ತೆ.

ಕೋಡ್ ಎಲ್ಲಾ ಸರಿ ಕೊಟ್ಟರೂ ಕೆಲವೊಮ್ಮೆ ‘ಕಾಯಿರಿ, ಲಿಂಕ್ ಕಳಿಸುತ್ತೇವೆ’ ಅಂತ ಕೆಲವು ಗಂಟೆ ಅಥವಾ ದಿನಗಳ ತಡೆ ಹಾಕುತ್ತೆ. ಖಾತೆಯ ನಿಜವಾದ ಯಜಮಾನರಿಗೆ ಎಚ್ಚರಿಕೆಯ ಸಂದೇಶ ತಲುಪಲಿ ಅಂತ ಇಟ್ಟಿರುವ ಸಮಯ ಅದು. ಆ ಅವಧಿಯಲ್ಲಿ ಮತ್ತೆ ಮತ್ತೆ ಹೊಸದಾಗಿ ಶುರು ಮಾಡಬೇಡಿ. ತಪ್ಪು ಉತ್ತರ ಸಾಲುಸಾಲಾಗಿ ಹೋದರೆ ‘ತುಂಬಾ ಪ್ರಯತ್ನಗಳಾಗಿವೆ’ ಅಂತ ಬಾಗಿಲೇ ಹಾಕಿಬಿಡುತ್ತೆ, ಆಗ ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ.

ಕಳಸ_ಕಾಡಂಚು, ಕಳಸ

ನಮ್ಮ ಕಡೆ ಸಮಸ್ಯೆ ಇದಕ್ಕಿಂತ ಮೊದಲೇ ಶುರು ಆಗೋದು. ಮನೆ ಹತ್ತಿರ ಸಿಗ್ನಲ್ ಇಲ್ಲ, ವೈಫೈ ಮಾತ್ರ ಇದೆ. ಓಟಿಪಿ ಬರೋಷ್ಟರಲ್ಲಿ ಸಮಯ ಮುಗಿದಿರುತ್ತೆ. ಗುಡ್ಡ ಹತ್ತಿ ಕೋಡ್ ತಗೊಂಡು ಇಳಿದು ಬಂದು ಹಾಕೋಕಾಗುತ್ತಾ?

ಸೇವಾ_ಕೌಂಟರ್, ಚಿಕ್ಕಮಗಳೂರು

ಗುಡ್ಡದ ಮೇಲೆ ಕೂತೇ ಪೂರ್ತಿ ಕೆಲಸ ಮುಗಿಸಿಬಿಡಿ ಅನ್ನೋದು ಒಂದು ಉತ್ತರ. ಆದರೆ ಮೇಷ್ಟ್ರು ಹೇಳಿದ ಹಾಗೆ ಪರಿಚಿತ ಫೋನ್‌ನಿಂದಲೇ ಮಾಡಬೇಕು. ಮನೆಯಲ್ಲೇ ಮಾಡುವುದಾದರೆ ಸೆಟ್ಟಿಂಗ್ಸ್‌ನಲ್ಲಿ ಸಿಮ್ ವಿಭಾಗಕ್ಕೆ ಹೋಗಿ ವೈಫೈ ಕಾಲಿಂಗ್ ಆನ್ ಮಾಡಿ ನೋಡಿ. ಫೋನ್ ಮತ್ತು ಸಿಮ್ ಕಂಪನಿ ಎರಡೂ ಒಪ್ಪಿದರೆ ಕರೆಯ ಜೊತೆ ಎಸ್ಸೆಮ್ಮೆಸ್ ಕೂಡ ವೈಫೈ ಮೇಲೇ ಬರುತ್ತೆ. ಎಸ್ಸೆಮ್ಮೆಸ್ ಬದಲು ‘ಕರೆ ಮಾಡಿ ಕೋಡ್ ಹೇಳಿ’ ಅನ್ನೋ ಆಯ್ಕೆ ಇದ್ದರೆ ಅದನ್ನು ಒತ್ತಿ, ವೈಫೈ ಕಾಲಿಂಗ್‌ನಲ್ಲಿ ಕರೆ ಬರುತ್ತೆ.

ಓಟಿಪಿ ವಿಷಯದಲ್ಲಿ ದಿನಾ ಕಾಣುವ ತಪ್ಪುಗಳನ್ನೂ ಇಲ್ಲೇ ಹೇಳಿಬಿಡ್ತೀನಿ. ಕೋಡ್ ಬರಲಿಲ್ಲ ಅಂತ ‘ರೀಸೆಂಡ್’ ಮೂರು ನಾಲ್ಕು ಸಲ ಒತ್ತುತ್ತಾರೆ. ಸ್ವಲ್ಪ ಹೊತ್ತಿಗೆ ನಾಲ್ಕೂ ಒಟ್ಟಿಗೆ ಬಂದು ಬೀಳುತ್ತವೆ, ಅದೂ ಹಿಂದುಮುಂದಾಗಿ. ಹೆಚ್ಚಿನ ಕಡೆ ಕೊನೆಗೆ ಕೇಳಿದ ಕೋಡ್ ಮಾತ್ರ ನಡೆಯುತ್ತೆ, ಹಿಂದಿನವೆಲ್ಲ ರದ್ದು. ಇಮೇಲ್‌ಗೆ ಬರುವ ರೀಸೆಟ್ ಲಿಂಕ್‌ಗೂ ಇದೇ ನಿಯಮ. ಒಮ್ಮೆ ಒತ್ತಿ, ಎರಡು ಮೂರು ನಿಮಿಷ ತಡೀರಿ. ಮೆಸೇಜ್ ಆ್ಯಪ್‌ನಲ್ಲಿ ‘ಸ್ಪ್ಯಾಮ್ ಆ್ಯಂಡ್ ಬ್ಲಾಕ್ಡ್’ ನೋಡಿ, ಕೋಡ್ ಅಲ್ಲಿ ಹೋಗಿ ಕೂತಿರುತ್ತೆ. ಡಿಎನ್‌ಡಿ ಹಾಕಿಸಿದ್ದಕ್ಕೆ ಓಟಿಪಿ ಬರ್ತಿಲ್ಲ ಅನ್ನೋದು ತಪ್ಪು ತಿಳುವಳಿಕೆ, ಡಿಎನ್‌ಡಿ ತಡೆಯೋದು ಜಾಹೀರಾತನ್ನು ಮಾತ್ರ.

ಇನ್ನೊಂದು ಮುಖ್ಯ ವಿಷಯ. ಸಿಮ್ ಕಳೆದು, ಅದೇ ನಂಬರಿಗೆ ಹೊಸ ಸಿಮ್ ತಗೊಂಡರೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರೋದೂ ಇಲ್ಲ, ಹೋಗೋದೂ ಇಲ್ಲ. ಬೇರೆಯವರು ಮೋಸದಿಂದ ನಿಮ್ಮ ನಂಬರಿನ ಸಿಮ್ ತಗೊಂಡು ಬ್ಯಾಂಕ್ ಓಟಿಪಿ ಕದಿಯಬಾರದು ಅಂತ ದೂರಸಂಪರ್ಕ ಇಲಾಖೆ ಇಟ್ಟಿರುವ ನಿಯಮ. ಸಿಮ್ ತಗೊಂಡ ದಿನವೇ ಕೂತು ಕೋಡ್ ಕೇಳಿ ಕೇಳಿ ಪ್ರಯತ್ನಗಳನ್ನು ಮುಗಿಸಿಕೊಳ್ಳಬೇಡಿ. ಸಿಮ್ ಯಾರ ಹೆಸರಲ್ಲಿದೆಯೋ ಅವರೇ ಆಧಾರ್ ಜೊತೆ ಅಂಗಡಿಗೆ ಬರಬೇಕು ಅನ್ನೋದೂ ನೆನಪಿರಲಿ. ತುಂಬಾ ಮನೆಗಳಲ್ಲಿ ಅಮ್ಮ ಬಳಸೋ ಸಿಮ್ ಮಗನ ಹೆಸರಲ್ಲಿ, ಮಗ ಬೆಂಗಳೂರಲ್ಲಿ.

ಹೇಮಾವತಿ_ದಂಡೆ, ಸಕಲೇಶಪುರ

ಮನೆ ಲ್ಯಾಪ್‌ಟಾಪ್‌ನಲ್ಲಿ ನೋಡಿದೆ. ಅಪ್ಪನ ನಂಬರ್‌ಗೆ ಕೋಡ್ ಕಳಿಸುವ ಆಯ್ಕೆ ಬರುತ್ತಿಲ್ಲ. ಕೊನೆಯ ಎರಡು ಅಂಕಿ ತೋರಿಸುತ್ತೆ, ಅದು ನಮ್ಮ ಮನೆಯ ಯಾವ ನಂಬರೂ ಅಲ್ಲ. ಹ್ಯಾಕ್ ಆಗಿದೆಯಾ?

ಸೇವಾ_ಕೌಂಟರ್, ಚಿಕ್ಕಮಗಳೂರು

ಹ್ಯಾಕ್ ಅಂತ ಈಗಲೇ ತೀರ್ಮಾನ ಬೇಡ. ಎರಡು ಸಾಧ್ಯತೆ ಮೊದಲು ನೋಡಿ. ಒಂದು, ಅಪ್ಪ ಹಿಂದೆ ಬಳಸುತ್ತಿದ್ದ, ಈಗ ಬಿಟ್ಟಿರುವ ನಂಬರ್. ಎರಡು, ಖಾತೆ ಮಾಡಿಕೊಟ್ಟವರ ನಂಬರ್. ಈ ಎರಡನೆಯದು ನಮ್ಮ ಎರಡೂ ಜಿಲ್ಲೆಯಲ್ಲಿ ವಿಪರೀತ. ಪಹಣಿಗೋ ವಿದ್ಯಾರ್ಥಿವೇತನಕ್ಕೋ ಅರ್ಜಿ ಹಾಕಲು ಹೋದಾಗ ‘ಇಮೇಲ್ ಬೇಕು’ ಅಂತ ಕೌಂಟರ್‌ನಲ್ಲೇ ಒಂದು ಖಾತೆ ತೆರೆದು, ರಿಕವರಿಗೆ ತಮ್ಮ ನಂಬರ್ ಹಾಕಿ, ಪಾಸ್‌ವರ್ಡನ್ನು ಅರ್ಜಿಯ ಹಿಂದೆ ಗೀಚಿ ಕೊಟ್ಟಿರುತ್ತಾರೆ. ಆ ಕಡತದ ಹಳೇ ಕಾಗದಗಳನ್ನು ಹುಡುಕಿ, ಪಾಸ್‌ವರ್ಡೇ ಸಿಕ್ಕರೂ ಸಿಗಬಹುದು. ಆ ಸೆಂಟರ್ ಇನ್ನೂ ಇದ್ದರೆ ಕೋಡ್ ಬಂದಾಗ ಓದಿ ಹೇಳಿ ಅಂತ ಎದುರಿಗೆ ಕೂತು ಕೇಳಿ. ಒಳಗೆ ಹೋದ ಕೂಡಲೇ ಅವರ ನಂಬರ್ ತೆಗೆದು ಅಪ್ಪನದು ಹಾಕಿ.

ಬಿಟ್ಟ ನಂಬರ್ ಆಗಿದ್ದರೆ ಸ್ವಲ್ಪ ಕಷ್ಟ. 90 ದಿನ ಬಳಕೆಯೇ ಇಲ್ಲದ ಪ್ರೀಪೇಯ್ಡ್ ನಂಬರನ್ನು ಕಂಪನಿ ನಿಲ್ಲಿಸಬಹುದು. ಸಿಮ್ ಬ್ಯಾಲೆನ್ಸ್ 20 ರೂಪಾಯಿ ಇದ್ದರೆ ಅದನ್ನು ಹಿಡಿದುಕೊಂಡು ಇನ್ನೂ 30 ದಿನ ಉಳಿಸುತ್ತೆ. ನಿಂತ ನಂಬರ್ 90 ದಿನದವರೆಗೆ ಬೇರೆ ಯಾರಿಗೂ ಹೋಗೋದಿಲ್ಲ. ಆ ಅವಧಿಯೊಳಗೆ ಅದೇ ಕಂಪನಿ ಅಂಗಡಿಗೆ ಹೋಗಿ ವಿಚಾರಿಸಿ. ಅವಧಿ ದಾಟಿ ಅದು ಇನ್ನೊಬ್ಬರ ಕೈ ಸೇರಿದ್ದರೆ ಆ ನಂಬರಿನ ಆಸೆ ಬಿಡಬೇಕು. ಅಪರಿಚಿತರಿಗೆ ಫೋನ್ ಮಾಡಿ ‘ನಿಮಗೊಂದು ಕೋಡ್ ಬರುತ್ತೆ, ಹೇಳಿ’ ಅಂದರೆ ಯಾರೂ ಹೇಳಬಾರದು, ಹೇಳೋದೂ ಇಲ್ಲ. ಆಗ ಉಳಿಯೋದು ರಿಪೇರಿಯವರು ಹೇಳಿದ ಹಳೇ ಫೋನ್ ಒಂದೇ.

ಗಣಕ_ಮೇಷ್ಟ್ರು, ಅರಸೀಕೆರೆ

ಇದಕ್ಕೊಂದು ಸೇರಿಸ್ತೀನಿ. ಒಳಗೆ ಹೋದ ಮೇಲೆ ಸೆಕ್ಯುರಿಟಿ ಪುಟದಲ್ಲಿ ‘ಯುವರ್ ಡಿವೈಸಸ್’ ನೋಡಿ. ಗುರುತಿಲ್ಲದ ಸಾಧನ ಇದ್ದರೆ ಸೈನ್ ಔಟ್ ಮಾಡಿ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ನೋಡಿ. ನಿಜವಾಗಿ ಯಾರಾದರೂ ನುಗ್ಗಿದ್ದರೆ ಪಾಸ್‌ವರ್ಡ್ ಬದಲಾದ ಮೇಲೂ ಮೇಲ್ ತಮಗೆ ಬರೋ ಹಾಗೆ ಅಲ್ಲಿ ಮಾಡಿಟ್ಟಿರುತ್ತಾರೆ. ಪಾಸ್‌ವರ್ಡ್ ಬದಲಾಯಿಸಿ ಇದನ್ನು ನೋಡದೆ ಬಿಡುವವರೇ ಜಾಸ್ತಿ.

ರಿಕವರಿ ನಂಬರ್ ಬದಲಾಯಿಸಿದ ಮೇಲೆ ಒಂದು ವಾರ ಹಳೇ ನಂಬರಿಗೂ ಕೋಡ್ ಕಳಿಸುವ ಅವಕಾಶ ಗೂಗಲ್ ಉಳಿಸಿಕೊಂಡಿರುತ್ತೆ. ಅದನ್ನು ಕಂಡು ಗಾಬರಿ ಆಗಬೇಡಿ.

ಕೊಪ್ಪದ_ಅಡಿಕೆ, ಕೊಪ್ಪ

ಪಾಸ್‌ವರ್ಡ್ ಸರಿಯಾಗಿ ನೆನಪಿದ್ದೂ ‘ತಪ್ಪು’ ಅಂತ ಬರ್ತದಲ್ಲ ಮಾರಾಯ್ರೆ, ಅದಕ್ಕೆಂತ ಮಾಡುದು? ಫೋನ್‌ನಲ್ಲಿ ತಗೊಳ್ತದೆ, ಕಂಪ್ಯೂಟರ್‌ನಲ್ಲಿ ತಗೊಳ್ಳುದಿಲ್ಲ.

ಗಣಕ_ಮೇಷ್ಟ್ರು, ಅರಸೀಕೆರೆ

ಒಂದು ಕಡೆ ತಗೊಂಡು ಇನ್ನೊಂದು ಕಡೆ ತಗೊಳ್ಳದಿದ್ದರೆ ಪಾಸ್‌ವರ್ಡ್ ಸರಿಯಿದೆ, ಬೆರಳು ಒತ್ತುತ್ತಿರೋದು ಬೇರೆ ಅಂತ ಅರ್ಥ. ಪಾಸ್‌ವರ್ಡ್ ಜಾಗದಲ್ಲಿ ಚುಕ್ಕಿ ಮಾತ್ರ ಕಾಣೋದರಿಂದ ಗೊತ್ತಾಗಲ್ಲ. ಮೊದಲು ನೋಟ್‌ಪ್ಯಾಡ್ ತೆರೆದು ಅಲ್ಲಿ ಟೈಪ್ ಮಾಡಿ ಕಣ್ಣಾರೆ ನೋಡಿ, ಆಮೇಲೆ ಅಳಿಸಿ.

ನಮ್ಮಲ್ಲಿ ಕಾಣುವ ಕಾರಣ ಇವು. ಕನ್ನಡ ಟೈಪಿಂಗ್ ತಂತ್ರಾಂಶ ನುಡಿ ಅಥವಾ ಬರಹ ಆನ್ ಆಗಿದ್ದರೆ ಇಂಗ್ಲಿಷ್ ಅಕ್ಷರದ ಬದಲು ಕನ್ನಡ ಅಕ್ಷರ ಹೋಗುತ್ತೆ. ಫೋನಿನ ಕನ್ನಡ ಕೀಬೋರ್ಡ್‌ನಿಂದ ೧೨೩ ಅಂತ ಬಿದ್ದರೆ ಅದು ಕಂಪ್ಯೂಟರಿಗೆ 123 ಅಲ್ಲವೇ ಅಲ್ಲ, ಎರಡೂ ಬೇರೆ ಬೇರೆ ಸಂಕೇತ. ಯೂಸರ್‌ನೇಮ್ ಜಾಗದಲ್ಲಿ ಫೋನ್ ತಾನಾಗಿ ಮೊದಲ ಅಕ್ಷರ ದೊಡ್ಡದು ಮಾಡುತ್ತೆ. ಜಿಮೇಲ್ ವಿಳಾಸದಲ್ಲಿ ದೊಡ್ಡ ಚಿಕ್ಕ ಅಕ್ಷರದ ಭೇದ ಇಲ್ಲ, ನಡುವಿನ ಚುಕ್ಕಿಯನ್ನೂ ಲೆಕ್ಕಕ್ಕೆ ತಗೊಳ್ಳಲ್ಲ. ಪಾಸ್‌ವರ್ಡ್‌ನಲ್ಲಿ ಎಲ್ಲವೂ ಲೆಕ್ಕಕ್ಕೆ ಬರುತ್ತೆ. ಕೀಬೋರ್ಡ್ ಮೇಲಿನ ಸಲಹೆ ಒತ್ತಿ ಇಮೇಲ್ ತುಂಬಿಸಿದರೆ ಕೊನೆಯಲ್ಲಿ ಕಾಣದ ಒಂದು ಸ್ಪೇಸ್ ಸೇರಿಕೊಳ್ಳುತ್ತೆ, ಕೆಲವು ಸರ್ಕಾರಿ ಜಾಲತಾಣಗಳು ಅದನ್ನೂ ಸೇರಿಸಿಯೇ ಓದುತ್ತವೆ. ವಾಟ್ಸ್‌ಆ್ಯಪ್‌ನಿಂದ ಕಾಪಿ ಮಾಡಿ ಅಂಟಿಸಿದಾಗಲೂ ಇದೇ ಕಥೆ. ಲ್ಯಾಪ್‌ಟಾಪ್‌ನಲ್ಲಿ ಬಲಗಡೆಯ ಅಂಕಿ ಗುಂಡಿಗಳು ಕೆಲಸ ಮಾಡಲು ನಮ್ ಲಾಕ್ ಆನ್ ಇರಬೇಕು.

ಇನ್ನೊಂದು: ಬ್ರೌಸರ್ ತಾನೇ ಹಳೇ ಪಾಸ್‌ವರ್ಡ್ ತುಂಬಿಸಿ ಬಿಡುತ್ತೆ. ನೀವು ಬದಲಾಯಿಸಿದ ಮೇಲೂ ಅದು ಹಳೆಯದನ್ನೇ ಹಾಕ್ತಾ ಇದ್ದರೆ ಸೇವ್ ಪಟ್ಟಿಗೆ ಹೋಗಿ ಆ ಒಂದನ್ನು ಅಳಿಸಿ.

ಪಿಡಿಎಫ್ ಪಾಸ್‌ವರ್ಡ್ ಕೇಳುವವರೂ ಬಹಳ. ಇ-ಆಧಾರ್ ಪಿಡಿಎಫ್‌ಗೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡದರಲ್ಲಿ, ಅದಕ್ಕೆ ಅಂಟಿಸಿ ಹುಟ್ಟಿದ ವರ್ಷದ ನಾಲ್ಕು ಅಂಕಿ. ಆಧಾರ್‌ನಲ್ಲಿ ಹೆಸರಿನ ಮುಂದೆ ಇನಿಷಿಯಲ್ ಮತ್ತು ಚುಕ್ಕಿ ಇದ್ದರೆ ಆ ಚುಕ್ಕಿಯನ್ನೂ ಒಂದು ಅಕ್ಷರ ಅಂತ ಎಣಿಸಬೇಕು. ನಮ್ಮ ಹೆಸರುಗಳಲ್ಲಿ ಎಡವೋದು ಇಲ್ಲೇ.

ಲೆಕ್ಕಪತ್ರ, ಹಾಸನ

ಮೊದಲ ಪ್ರಶ್ನೆಯಲ್ಲಿ ಇನ್‌ಕಮ್ ಟ್ಯಾಕ್ಸ್ ವಿಷಯ ಬಂತಲ್ಲ, ಅದಕ್ಕೆ ಜಿಮೇಲ್ ಸಿಗೋವರೆಗೂ ಕಾಯಬೇಕಿಲ್ಲ. ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಯೂಸರ್ ಐಡಿ ಅಂದರೆ ಪ್ಯಾನ್ ನಂಬರ್. ‘ಫರ್ಗಾಟ್ ಪಾಸ್‌ವರ್ಡ್’ನಲ್ಲಿ ಆಧಾರ್ ಓಟಿಪಿ ಆಯ್ಕೆ ಮಾಡಿ. ಓಟಿಪಿ ಆಧಾರ್‌ಗೆ ಜೋಡಿಸಿದ ನಂಬರಿಗೆ ಬರುತ್ತೆ, 15 ನಿಮಿಷ ನಡೆಯುತ್ತೆ, ಮೂರು ಸಲ ತಪ್ಪು ಹಾಕಬಹುದು, ಅಷ್ಟೇ. ಇದಕ್ಕೆ ಪ್ಯಾನ್-ಆಧಾರ್ ಜೋಡಣೆ ಆಗಿರಬೇಕು. ಇನ್ನೊಂದು ದಾರಿ ನೆಟ್ ಬ್ಯಾಂಕಿಂಗ್. ಬ್ಯಾಂಕಿನ ಜಾಲತಾಣದಲ್ಲಿ ಲಾಗಿನ್ ಆಗಿ, ಅಲ್ಲಿಂದಲೇ ಇ-ಫೈಲಿಂಗ್‌ಗೆ ದಾಟಿ, ಒಳಗೆ ಹೊಸ ಪಾಸ್‌ವರ್ಡ್ ಇಡಬಹುದು. ಒಳಗೆ ಹೋದ ಮೇಲೆ ಪ್ರೊಫೈಲ್‌ನಲ್ಲಿ ಇಮೇಲ್ ಮತ್ತು ಮೊಬೈಲ್ ಯಾರದ್ದಿದೆ ನೋಡಿ. ರಿಟರ್ನ್ ಹಾಕಿಕೊಟ್ಟವರದ್ದೇ ಇದ್ದರೆ ಬದಲಾಯಿಸಿ. ನೋಟಿಸ್ ಬಂದರೆ ಅದೇ ವಿಳಾಸಕ್ಕೆ ಬರೋದು, ನಿಮಗೆ ತಿಳಿಯೋದೇ ಇಲ್ಲ.

ಆಧಾರ್‌ಗೆ ಯಾವ ನಂಬರ್ ಜೋಡಿಸಿದೆ ಅಂತ ಮರೆತಿದ್ದರೆ ಆಧಾರ್ ಜಾಲತಾಣದಲ್ಲಿ ‘ಚೆಕ್ ಆಧಾರ್ ವ್ಯಾಲಿಡಿಟಿ’ ಸೇವೆ ಇದೆ. ಆಧಾರ್ ಸಂಖ್ಯೆ ಹಾಕಿದರೆ ಜೋಡಿಸಿದ ಮೊಬೈಲಿನ ಕೊನೆಯ ಮೂರು ಅಂಕಿ ತೋರಿಸುತ್ತೆ, ಲಾಗಿನ್ ಬೇಡ. ಅದು ಸತ್ತ ನಂಬರ್ ಆಗಿದ್ದರೆ ಬೇರೆಲ್ಲಾ ಬಿಟ್ಟು ಮೊದಲು ಅದನ್ನು ಸರಿಪಡಿಸಿ. ಆಧಾರ್ ಕೇಂದ್ರಕ್ಕೆ ಹೋದರೆ ದಾಖಲೆ ಏನೂ ಕೇಳಲ್ಲ, ಬೆರಳಚ್ಚು ಸಾಕು, ಶುಲ್ಕ 75 ರೂಪಾಯಿ. ಓಡಾಡಲು ಆಗದ ಹಿರಿಯರಿದ್ದರೆ ಅಂಚೆ ಕಚೇರಿಯಲ್ಲಿ ಕೇಳಿ, ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ವತಿಯಿಂದ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮೊಬೈಲ್ ನಂಬರ್ ಸೇರಿಸುವ ವ್ಯವಸ್ಥೆ ಇದೆ. ಎಸ್ಟೇಟ್ ಒಳಗಿನ ಮನೆಗಳಿಗೆ ಇದರಷ್ಟು ಅನುಕೂಲ ಬೇರೆ ಇಲ್ಲ.

ಪಿಎಫ್ ಖಾತೆಗೂ ಇದೇ ಬೇರು. ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಪೋರ್ಟಲ್‌ನಲ್ಲಿ ಹಳೇ ಮೊಬೈಲ್ ಕಳೆದಿದ್ದರೆ, ಅದಕ್ಕೆ ಓಟಿಪಿ ಬೇಡ ಅಂತ ಆಯ್ಕೆ ಮಾಡಿ ಹೆಸರು, ಹುಟ್ಟಿದ ದಿನಾಂಕ, ಆಧಾರ್ ಮೂಲಕ ಮುಂದೆ ಹೋಗಬಹುದು. ಹೆಸರು ಪಿಎಫ್ ದಾಖಲೆಯಲ್ಲಿ ಇದ್ದ ಹಾಗೇ ಇರಬೇಕು. ಹೆಸರಿನ ಕೊನೆಗೆ ‘ಗೌಡ’ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೂ ಹೊಂದೋದಿಲ್ಲ.

ಸೇವಾ_ಕೌಂಟರ್, ಚಿಕ್ಕಮಗಳೂರು

ಮೇಡಂ ಹೇಳಿದ್ದಕ್ಕೆ ನೂರಕ್ಕೆ ನೂರು ಒಪ್ಪಿಗೆ. ರೈತರ ಎಫ್‌ಐಡಿಗೆ (ರೈತರ ಗುರುತಿನ ಸಂಖ್ಯೆ) ಮಾತ್ರ ಪಾಸ್‌ವರ್ಡ್ ಹುಡುಕ್ತಾ ಕೂರಬೇಡಿ, ರೈತ ಸಂಪರ್ಕ ಕೇಂದ್ರಕ್ಕೆ ಆಧಾರ್ ತಗೊಂಡು ಹೋದರೆ ನಂಬರ್ ತೆಗೆದುಕೊಡುತ್ತಾರೆ.

ಕೊಪ್ಪದ_ಅಡಿಕೆ, ಕೊಪ್ಪ

ಇಷ್ಟೆಲ್ಲ ಒದ್ದಾಡುದು ಯಾಕೆ? ನಾವು ಇಟ್ಟ ಪಾಸ್‌ವರ್ಡ್ ಅವರ ಹತ್ರ ಇರ್ತದಲ್ಲ, ದಾಖಲೆ ತೋರಿಸಿದ್ರೆ ಅದನ್ನೇ ಹೇಳ್ಬಹುದಲ್ಲ?

ಗಣಕ_ಮೇಷ್ಟ್ರು, ಅರಸೀಕೆರೆ

ಅವರ ಹತ್ತಿರ ಇರೋದಿಲ್ಲ. ಸರಿಯಾಗಿ ಕಟ್ಟಿದ ಯಾವ ಸೇವೆಯೂ ಪಾಸ್‌ವರ್ಡನ್ನು ಇದ್ದ ಹಾಗೆ ಇಟ್ಟುಕೊಳ್ಳೋದಿಲ್ಲ. ಅದನ್ನು ಹ್ಯಾಶ್ ಅನ್ನೋ ಲೆಕ್ಕಕ್ಕೆ ಒಡ್ಡಿ, ಬಂದ ಉದ್ದನೆಯ ಸಂಕೇತ ಮಾತ್ರ ಇಡುತ್ತೆ. ಕಾಫಿ ಪುಡಿಯಿಂದ ಮತ್ತೆ ಬೀಜ ಮಾಡಲು ಆಗದ ಹಾಗೆ ಸಂಕೇತದಿಂದ ಪಾಸ್‌ವರ್ಡ್ ಹಿಂದಕ್ಕೆ ಬರೋದಿಲ್ಲ. ನೀವು ಲಾಗಿನ್ ಆಗುವಾಗ ಟೈಪ್ ಮಾಡಿದ್ದನ್ನು ಮತ್ತೆ ಅದೇ ಲೆಕ್ಕಕ್ಕೆ ಒಡ್ಡಿ ಎರಡು ಸಂಕೇತ ಒಂದೇನಾ ಅಂತ ನೋಡುತ್ತೆ, ಅಷ್ಟೆ. ಹಾಗಾಗಿ ಎಲ್ಲಾ ಕಡೆ ‘ಹೊಸದು ಇಡಿ’ ಅನ್ನೋ ದಾರಿ ಇದೆಯೇ ಹೊರತು ‘ಹಳೆಯದು ಹೇಳಿ’ ಅನ್ನೋದು ಇಲ್ಲ. ಯಾವುದಾದರೂ ಜಾಲತಾಣ ಮರೆತ ಪಾಸ್‌ವರ್ಡನ್ನೇ ಇಮೇಲ್‌ನಲ್ಲಿ ಕಳಿಸಿದರೆ ಅಲ್ಲಿನ ಭದ್ರತೆ ಸರಿಯಿಲ್ಲ. ಆ ಪಾಸ್‌ವರ್ಡ್ ಬೇರೆಲ್ಲಿ ಬಳಸಿದ್ದೀರೋ ಅಲ್ಲೆಲ್ಲ ಬದಲಾಯಿಸಿ.

ರಿಪೇರಿ_ಮೇಜು, ಹಾಸನ

ವಾಟ್ಸ್‌ಆ್ಯಪ್ ಬಗ್ಗೆ ಯಾರೂ ಹೇಳಿಲ್ಲ. ಅಲ್ಲಿ ಆರು ಅಂಕಿಯದು ಎರಡು ಇರುತ್ತೆ, ಜನ ಕಲಸಿಕೊಳ್ಳುತ್ತಾರೆ. ಎಸ್ಸೆಮ್ಮೆಸ್‌ನಲ್ಲಿ ಬರೋದು ನೋಂದಣಿ ಕೋಡ್. ನೀವೇ ಹಿಂದೆ ಇಟ್ಟಿದ್ದು ಟೂ-ಸ್ಟೆಪ್ ಪಿನ್, ಅಂದರೆ ಎರಡನೇ ಹಂತದ ಬೀಗ. ಪಿನ್ ಮರೆತರೆ, ಇಮೇಲ್ ಕೊಟ್ಟಿದ್ದರೆ ಅದರಿಂದ ತೆಗೆಯಬಹುದು. ಇಮೇಲ್ ಕೊಟ್ಟಿಲ್ಲದಿದ್ದರೆ 7 ದಿನ ಕಾಯಬೇಕು. ಏಳು ದಿನ ಮುಗಿಯುವ ಮುಂಚೆ ಪಿನ್ ತೆಗೆದುಕೊಡ್ತೀನಿ ಅನ್ನುವವರು ಸುಳ್ಳು ಹೇಳ್ತಿದ್ದಾರೆ.

ಅಥೆಂಟಿಕೇಟರ್ ಆ್ಯಪ್ (ಲಾಗಿನ್ ಕೋಡ್ ಫೋನಿನಲ್ಲೇ ತಯಾರಿಸುವ ಆ್ಯಪ್) ಬಳಸುವವರಿಗೆ ಕೋಡ್ ಯಾವಾಗಲೂ ತಪ್ಪು ಅಂತ ಬಂದರೆ ಮೊದಲು ಫೋನಿನ ಗಡಿಯಾರ ನೋಡಿ. ಆ ಕೋಡ್ 30 ಸೆಕೆಂಡಿಗೊಮ್ಮೆ ಸಮಯದ ಲೆಕ್ಕದಿಂದ ಹುಟ್ಟೋದು. ಗಡಿಯಾರ ಕೈಯಾರೆ ಇಟ್ಟು ಎರಡು ಮೂರು ನಿಮಿಷ ಹಿಂದೆಮುಂದೆ ಆಗಿದ್ದರೆ ಕೋಡ್ ಹೊಂದಲ್ಲ. ‘ಆಟೋಮ್ಯಾಟಿಕ್ ಟೈಮ್’ ಆನ್ ಮಾಡಿ.

ಲೆಕ್ಕಪತ್ರ, ಹಾಸನ

ಹುಡುಕುವಾಗಿನ ಅಪಾಯವೊಂದನ್ನು ಹೇಳಲೇಬೇಕು. ಇಂಟರ್‌ನೆಟ್‌ನಲ್ಲಿ ‘ಜಿಮೇಲ್ ಕಸ್ಟಮರ್ ಕೇರ್ ನಂಬರ್’ ಅಂತ ಹುಡುಕಿ ಸಿಕ್ಕ ನಂಬರಿಗೆ ಫೋನ್ ಮಾಡಬೇಡಿ. ಉಚಿತ ಜಿಮೇಲ್ ಖಾತೆ ವಾಪಸ್ ಕೊಡಿಸಲು ಫೋನಿನಲ್ಲಿ ಮಾತಾಡುವ ಸಿಬ್ಬಂದಿ ಗೂಗಲ್‌ಗೆ ಇಲ್ಲ. ಆ ಕಡೆಯಿಂದ ಮಾತಾಡುವವರು ಮೊದಲು ಎನಿಡೆಸ್ಕ್ ಥರದ ಆ್ಯಪ್ ಹಾಕಿಸಿ ನಿಮ್ಮ ಪರದೆ ತಾವು ನೋಡುತ್ತಾರೆ, ಆಮೇಲೆ ‘10 ರೂಪಾಯಿ ಶುಲ್ಕ ಕಟ್ಟಿ’ ಅನ್ನುತ್ತಾರೆ, ನೀವು ಒತ್ತುವ ಯುಪಿಐ ಪಿನ್ ಅವರಿಗೆ ಸಿಗುತ್ತೆ. ಫೇಸ್‌ಬುಕ್‌ನಲ್ಲಿ ‘ನನ್ನ ಖಾತೆ ಹೋಯ್ತು’ ಅಂತ ಬರೆದರೆ ಸಾಕು, ‘ಇವರು ನನ್ನ ಖಾತೆ ವಾಪಸ್ ಕೊಡಿಸಿದರು’ ಅಂತ ಕೆಳಗೆ ಸಾಲುಗಟ್ಟಿ ಬರುತ್ತಾರೆ. ಅವೆಲ್ಲ ಅದೇ ಗುಂಪಿನವು. ದುಡ್ಡು ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸಿದರೆ ದುಡ್ಡು ಮುಂದಿನ ಖಾತೆಗೆ ದಾಟದ ಹಾಗೆ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಲಿಖಿತ ದೂರಿಗೆ ಹಾಸನದಲ್ಲೂ ಚಿಕ್ಕಮಗಳೂರಲ್ಲೂ ಸಿಇಎನ್ (ಸೈಬರ್ ಅಪರಾಧ ನೋಡಿಕೊಳ್ಳುವ) ಪೊಲೀಸ್ ಠಾಣೆ ಇದೆ.

ಕಳಸ_ಕಾಡಂಚು, ಕಳಸ

ಎಲ್ಲಾ ಪಾಸ್‌ವರ್ಡ್ ಒಂದು ನೋಟ್‌ಬುಕ್‌ನಲ್ಲಿ ಬರೆದಿಡೋದು ಸರಿಯಾ? ಬರೆಯಲೇಬಾರದು ಅಂತ ಬ್ಯಾಂಕಿನವರು ಹೇಳ್ತಾರೆ.

ಗಣಕ_ಮೇಷ್ಟ್ರು, ಅರಸೀಕೆರೆ

ಬ್ಯಾಂಕ್ ಪಿನ್‌ಗೆ ಅವರು ಹೇಳಿದ್ದು ಸರಿ, ಅದನ್ನು ಬರೆಯಬೇಡಿ. ಉಳಿದದ್ದಕ್ಕೆ ನನ್ನ ಅಭಿಪ್ರಾಯ ಬೇರೆ. ನಿಮ್ಮ ಖಾತೆಗೆ ನುಗ್ಗುವವನು ದೂರದ ಊರಲ್ಲಿ ಕೂತಿರುತ್ತಾನೆ, ಕಳಸದ ಮನೆಯ ಬೀರು ತೆಗೆಯಲು ಬರೋದಿಲ್ಲ. ಅರವತ್ತು ದಾಟಿದವರಿಗೆ ಬೀರುವಿನ ನೋಟ್‌ಬುಕ್ ಒಳ್ಳೆಯ ವ್ಯವಸ್ಥೆ. ಅದಕ್ಕಿಂತ ಕೆಟ್ಟದ್ದು ಪಾಸ್‌ವರ್ಡಿನ ಫೋಟೊ ಗ್ಯಾಲರಿಯಲ್ಲಿ ಇಡೋದು, ತಮಗೆ ತಾವೇ ವಾಟ್ಸ್‌ಆ್ಯಪ್ ಮಾಡಿಕೊಳ್ಳೋದು, ಎಲ್ಲಾ ಕಡೆ ಮಗುವಿನ ಹೆಸರಿಗೆ ಅಟ್ ಗುರುತು (@) ಮತ್ತು 123 ಸೇರಿಸಿ ಒಂದೇ ಇಡೋದು. ಸಂಬಂಧವಿಲ್ಲದ ನಾಲ್ಕು ಕನ್ನಡ ಪದ ಆರಿಸಿ ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ. ಉದ್ದ ಇದ್ದಷ್ಟೂ ಗಟ್ಟಿ. ಮೂರು ತಿಂಗಳಿಗೊಮ್ಮೆ ಬದಲಾಯಿಸೋದು ಬೇಡ. ಹಾಗೆ ಕಡ್ಡಾಯ ಮಾಡಬೇಡಿ ಅಂತ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ, ಯಾಕಂದರೆ ಜನ ಕೊನೆಯ ಅಂಕಿ ಒಂದನ್ನು ಮಾತ್ರ ಬದಲಾಯಿಸುತ್ತಾರೆ. ಸೋರಿಕೆಯ ಅನುಮಾನ ಬಂದಾಗ ಬದಲಾಯಿಸಿ, ಸಾಕು.

ಬಿಟ್‌ವಾರ್ಡನ್ ಥರದ ಪಾಸ್‌ವರ್ಡ್ ಮ್ಯಾನೇಜರ್ ಬಳಸುವವರು ಅದರ ಮಾಸ್ಟರ್ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದಿಡಲೇಬೇಕು. ಅದು ಹೋದರೆ ಕಂಪನಿಯವರಿಗೂ ತೆರೆಯಲು ಆಗೋದಿಲ್ಲ.

ಹೇಮಾವತಿ_ದಂಡೆ, ಸಕಲೇಶಪುರ

ಹಳೇ ಫೋನಿಗೆ ಕಾಂಬೊ ಹಾಕಿಸಿ ರಿಪೇರಿಯವರು ಹೇಳಿದ ದಾರಿಯಲ್ಲೇ ಹೋದೆ, ಅಪ್ಪನ ಬೆರಳಚ್ಚಿಗೆ ತೆಗೆದುಕೊಂಡಿತು. ಹೊಸ ಪಾಸ್‌ವರ್ಡ್ ಆಯ್ತು. ರಿಕವರಿಯಲ್ಲಿದ್ದದ್ದು ಹಳೇ ನಂಬರೇ, ಬದಲಾಯಿಸಿದೆ. ಈಗ ಹಳೇ ಫೋನ್ ರೀಸೆಟ್ ಮಾಡಿ ಚಿಕ್ಕಪ್ಪನಿಗೆ ಕೊಡಬಹುದಾ?

ರಿಪೇರಿ_ಮೇಜು, ಹಾಸನ

ಇವತ್ತು ಬೇಡ. ಪಾಸ್‌ವರ್ಡ್ ಬದಲಾದ ಮೇಲೆ 24 ಗಂಟೆ ಕಳೆಯಲಿ. ಅಷ್ಟರೊಳಗೆ ರೀಸೆಟ್ ಮಾಡಿದರೆ ಫೋನ್ ಆನ್ ಆದಾಗ ಗೂಗಲ್ ಖಾತೆ ಕೇಳುತ್ತೆ, ಹೊಸ ಪಾಸ್‌ವರ್ಡ್ ಸರಿ ಹಾಕಿದರೂ ತಗೊಳ್ಳದೆ ಸತಾಯಿಸುತ್ತೆ. ರೀಸೆಟ್ ಮಾಡುವ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್‌ಗೆ ಹೋಗಿ ಅಪ್ಪನ ಖಾತೆ ರಿಮೂವ್ ಮಾಡಿ, ಆಮೇಲೆ ಮೆನುವಿನಿಂದಲೇ ರೀಸೆಟ್ ಮಾಡಿ. ಪವರ್ ಮತ್ತು ವಾಲ್ಯೂಮ್ ಗುಂಡಿ ಒತ್ತಿ ಮಾಡುವ ರೀಸೆಟ್ ಬೇಡ, ಅದರಲ್ಲಿ ಬೀಗ ಉಳಿದುಕೊಂಡು ಚಿಕ್ಕಪ್ಪ ಅಪ್ಪನ ಪಾಸ್‌ವರ್ಡ್ ಕೇಳಬೇಕಾಗುತ್ತೆ.

ಮತ್ತೆ, ಹೊಸ ಫೋನಿನಲ್ಲಿ ಖಾತೆ ಹಾಕಿ ಒಂದೆರಡು ದಿನ ಮೇಲ್ ಸರಿಯಾಗಿ ಬರ್ತಿದೆ ಅಂತ ನೋಡಿಕೊಂಡ ಮೇಲೇ ಹಳೆಯದನ್ನು ಬಿಟ್ಟುಕೊಡಿ. ಗ್ಯಾಲರಿ ಫೋಟೊ, ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ನೋಡಿ.

ಗಣಕ_ಮೇಷ್ಟ್ರು, ಅರಸೀಕೆರೆ

ಒಳಗೆ ಇರುವಾಗಲೇ ಟೂ-ಸ್ಟೆಪ್ ಆನ್ ಮಾಡಿ ಬ್ಯಾಕಪ್ ಕೋಡ್ ಪ್ರಿಂಟ್ ತೆಗೆದುಬಿಡಿ. 10 ಕೋಡ್ ಕೊಡುತ್ತೆ, ಒಂದೊಂದಕ್ಕೂ 8 ಅಂಕಿ, ಒಂದನ್ನು ಒಮ್ಮೆ ಮಾತ್ರ ಬಳಸಬಹುದು. ಮುಂದೆ ಹೊಸ ಪಟ್ಟಿ ತೆಗೆದರೆ ಈ ಹಳೇ ಪಟ್ಟಿ ಪೂರ್ತಿ ರದ್ದಾಗುತ್ತೆ, ಆಗ ಹಳೇ ಕಾಗದ ಹರಿದು ಹಾಕಿ. ರಿಕವರಿ ಇಮೇಲ್ ಜಾಗದಲ್ಲಿ ನಿಮ್ಮದನ್ನು ಕೊಡಿ, ಅಪ್ಪನದೇ ಇನ್ನೊಂದು ಜಿಮೇಲ್ ಬೇಡ, ಎರಡರದ್ದೂ ಒಟ್ಟಿಗೆ ಮರೆತುಹೋಗುತ್ತೆ.

ಅಪ್ಪನ ಹೆಸರಿನಲ್ಲಿ ಬೇರೆ ಹಳೇ ಖಾತೆ ಇದ್ದರೆ ಅದಕ್ಕೂ ಒಮ್ಮೆ ಸೈನ್ ಇನ್ ಆಗಿ. 2 ವರ್ಷ ಮುಟ್ಟದೆ ಬಿಟ್ಟ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸಲು ಶುರು ಮಾಡಿದೆ.